ಕುಲಾವಿಗೊಂದು ಗೂಟ

ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಬಾಯಿ ಬಿಡಬಾರದು ಎನ್ನುತ್ತಾರೆ ಹಿರಿಯರು. ದೃಷ್ಟಿ ತಾಗುತ್ತದಂತೆ. ಆ ಹಿರಿಯರೇನಾದರೂ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ್ದರೆ ಅದಕ್ಕೂ ಇಂಥದೊಂದು ಕಟ್ಟಳೆ ಮಾಡಿಟ್ಟು ಹೋಗುತ್ತಿದ್ದರು. ಬರೀ ಬಸುರಿ ಎಂದರೆ ಜನ ನಾಲ್ಕು ಸಲಹೆ ಕೊಟ್ಟು ಸುಮ್ಮನಾಗುತ್ತಾರೆ. ಬರೀ ಮನೆ ಹುಡುಕುತ್ತಿದ್ದೇವೆ ಎಂದರೆ ಒಬ್ಬ ಬ್ರೋಕರ್ ನಂಬರ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಎರಡೂ ಒಟ್ಟಿಗೆ ಎಂದು ಗೊತ್ತಾಯಿತೋ, ಆಫೀಸಿನ ಲಿಫ್ಟಿನಲ್ಲಿ ಸಿಕ್ಕವರಿಂದ ಹಿಡಿದು ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನಲ್ಲಿ ಕೂತವರ ತನಕ ಎಲ್ಲರಿಗೂ ನಿಮ್ಮ ಮುಂದಿನ ಇಪ್ಪತ್ತು ವರ್ಷ ಕಣ್ಣಿಗೆ ಕಟ್ಟತೊಡಗುತ್ತದೆ.

ನಾವಿದ್ದದ್ದು ಬಿಟಿಎಂ ಲೇಔಟಿನ ಒಂದು ಬೆಡ್‌ರೂಮಿನ ಮನೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದವರ ಅಡುಗೆಮನೆ. ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು, ನಮ್ಮ ಕುಕ್ಕರಿನ ಸೀಟಿ ಅವರು ಎಣಿಸುತ್ತಿದ್ದರು. ಇಬ್ಬರಿಗೆ ಧಾರಾಳವಾಯಿತು. ತೊಟ್ಟಿಲು ಎಲ್ಲಿಡುವುದು ಎಂದು ಟೇಪು ಹಿಡಿದ ದಿನ ಲೆಕ್ಕ ತಪ್ಪಿತು. ತೊಟ್ಟಿಲಿಟ್ಟರೆ ಬೀರುವಿನ ಬಾಗಿಲು ತೆರೆಯುವುದಿಲ್ಲ. ಬೀರು ಸರಿಸಿದರೆ ನಾವು ಮಂಚದ ಮೇಲಿಂದ ಹಾರಿ ಬಚ್ಚಲಿಗೆ ಹೋಗಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿ ನಗುತ್ತಾರಲ್ಲ, ಅವರಿಗೇನು ಗೊತ್ತು. ಕುಲಾವಿಯನ್ನು ಅರ್ಧ ಮೀಟರ್ ಬಟ್ಟೆಯಲ್ಲಿ ಒಂದು ಸಂಜೆಗೆ ಹೊಲಿದುಬಿಡಬಹುದು. ಅದನ್ನು ನೇತುಹಾಕಲು ಗೂಟವಿರುವ ಮನೆಗೆ ಒಂಬತ್ತು ತಿಂಗಳು ಸಾಲದು.

ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ, ನನ್ನ ಗಂಡನದು ವೈಟ್‌ಫೀಲ್ಡಿನಲ್ಲಿ. ಮೆಟ್ರೊ ಎರಡೂ ಕಡೆ ಹೋಗುತ್ತದೆ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್ ಮುಟ್ಟಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹೊರಟಿತು. ಆದರೆ ಹಳದಿಯಿಂದ ನೇರಳೆಗೆ ಹೋಗಬೇಕಾದರೆ ನಡುವೆ ಹಸಿರನ್ನು ಹಾಯಬೇಕು. ಇಬ್ಬರಿಗೂ ಅನ್ಯಾಯವಾಗದಂತೆ ನಟ್ಟನಡುವೆ ಇರೋಣ ಎಂದು ಗಂಡ ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆರೆದು ಗೆರೆ ಎಳೆದ. ಗೆರೆಯ ಮಧ್ಯಕ್ಕೆ ಸಿಕ್ಕಿದ್ದು ಬೆಳ್ಳಂದೂರಿನ ಆಸುಪಾಸು.

ಬೆಳ್ಳಂದೂರಿನಲ್ಲಿ ಬೆಳೆದ ಮಗುವಿಗೆ ಪಂಚಭೂತಗಳ ಪಾಠವನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ಅಗ್ನಿ: ಅಲ್ಲಿನ ಕೆರೆಗೆ 2017ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೊಮ್ಮೆ ಬಿತ್ತು. ಜಲ: 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯೇ ಹೊಳೆಯಾಗಿ ಸಾಫ್ಟ್‌ವೇರ್ ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ವಾಯು: ಕೆರೆಯ ನೊರೆ ಗಾಳಿಯಲ್ಲಿ ತೇಲಿ ಸ್ಕೂಟರಿನವರ ಮುಖಕ್ಕೆ ಅಪ್ಪಳಿಸಿದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿದೆ. ಪೃಥ್ವಿ ಧೂಳಿನ ರೂಪದಲ್ಲಿ ದಿನವೂ ಮನೆಗೇ ಬರುತ್ತದೆ. ಉಳಿದ ಆಕಾಶ, ಬಾಡಿಗೆಯಲ್ಲಿದೆ.

ನೀರಿನ ವಿಚಾರವನ್ನು ಪ್ರತ್ಯೇಕವಾಗಿ ಕೇಳಬೇಕು. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ ಐದು ಸಾವಿರ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದನ್ನು ನಾವು ಮರೆತಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರದಂಚಿನ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಎಂದು ಪೇಪರಿನಲ್ಲಿ ಬಂತು. ಬ್ರೋಕರುಗಳು ಆ ಪೇಪರನ್ನು ನಮಗಿಂತ ಚೆನ್ನಾಗಿ ಓದಿದ್ದರು.

"ಕಾವೇರಿ ಇದೆಯಾ?"

"ಇದೆ ಮೇಡಂ."

"ಬರುತ್ತಾ?"

"ಕನೆಕ್ಷನ್ ಇದೆ ಮೇಡಂ."

ಮಾತು ಅಲ್ಲಿಗೆ ನಿಲ್ಲುತ್ತಿತ್ತು. ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿ ಬರಬೇಕಾದ ಆ ತಾಯಿಯನ್ನು ಇನ್ನೇನು ಕೇಳುವುದು?

ಓನರುಗಳದು ಇನ್ನೊಂದು ಬಗೆ. ಗೇಟಿನ ಬೋರ್ಡಿನಲ್ಲಿ 'ಫ್ಯಾಮಿಲಿಗೆ ಮಾತ್ರ' ಎಂದು ದಪ್ಪಕ್ಷರದಲ್ಲಿ ಬರೆಸಿರುತ್ತಾರೆ. ಫ್ಯಾಮಿಲಿ ಬೇಕು, ಅದು ಬೆಳೆಯಬಾರದು. "ಎಷ್ಟು ಜನ ಇರ್ತೀರಾ?" ಎಂದು ಕೇಳಿ, ನಾವು "ಇಬ್ಬರು" ಅನ್ನುವಷ್ಟರಲ್ಲಿ ಅವರ ಕಣ್ಣು ನನ್ನ ದುಪಟ್ಟಾದ ಅಂಚಿಗೆ ಇಳಿದಿರುತ್ತಿತ್ತು. "ಈಗಷ್ಟೇ ಪೇಂಟ್ ಮಾಡಿಸಿದೀವಿ. ಮಕ್ಕಳು ಗೋಡೆಗೆ ಗೀಚುತ್ತವೆ" ಎಂದು ಒಬ್ಬರು ನನ್ನ ಹೊಟ್ಟೆಯನ್ನೇ ನೋಡುತ್ತ ಹೇಳಿದರು. ಒಳಗಿರುವುದು ಸೀಮೆಸುಣ್ಣ ಹಿಡಿದುಕೊಂಡೇ ಹೊರಬರುತ್ತದೆ ಎಂಬ ನಂಬಿಕೆ ಅವರ ಮುಖದಲ್ಲಿತ್ತು.

ಇನ್ನು ಅಡ್ವಾನ್ಸು. ಈ ಊರಿನಲ್ಲಿ ಬಸುರಿಗೆ ಒಂಬತ್ತು ತಿಂಗಳು, ಅಡ್ವಾನ್ಸಿಗೆ ಹತ್ತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದು ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ನನ್ನ ಗಂಡ ಅದನ್ನು ಮೊಬೈಲಿನಲ್ಲಿ ತೆರೆದು ಒಬ್ಬ ಓನರಿಗೆ ತೋರಿಸಿದ. ಅವರು ಕನ್ನಡಕ ಏರಿಸಿ ಶ್ರದ್ಧೆಯಿಂದ ಓದಿ, "ಇದು ಮಾದರಿ ತಾನೇ ಸರ್?" ಎಂದು ಫೋನು ವಾಪಸು ಕೊಟ್ಟರು.

ಗಂಡ ಮೈಸೂರಿನವನು, ಇಂಜಿನಿಯರ್, ಸಾಲದ್ದಕ್ಕೆ ಎಕ್ಸೆಲ್ ಭಕ್ತ. ಮನೆಗಳಿಗೆ ಅಂಕ ಕೊಡುವ ಒಂದು ಶೀಟ್ ಮಾಡಿದ. ಆಸ್ಪತ್ರೆ, ಮೆಟ್ರೊ, ಪಾರ್ಕು, ನೀರು, ಶಾಲೆ, ಹಸಿರು, ಸದ್ದು, ಪಾರ್ಕಿಂಗ್, ನೆರೆಹೊರೆ, ಹೀಗೆ ಹತ್ತು ಕಾಲಮ್ಮು, ಒಂದೊಂದಕ್ಕೂ ಹತ್ತು ಅಂಕ. ಒಂದು ಸಂಜೆ ಕುಣಿಯುತ್ತ ಬಂದ. "ನೋಡು, ನೂರಕ್ಕೆ ಎಂಬತ್ತೆಂಟು! ಹಸಿರು ಹತ್ತಕ್ಕೆ ಹತ್ತು. ಸದ್ದುಗದ್ದಲ ಇಲ್ಲವೇ ಇಲ್ಲ. ಎದುರುಗಡೆ ಯಾವ ಬಿಲ್ಡರೂ ಇನ್ನು ನೂರು ವರ್ಷ ಕಟ್ಟಡ ಎಬ್ಬಿಸೋ ಹಾಗಿಲ್ಲ. ನೆರೆಹೊರೆಯಿಂದ ಒಂದು ತಂಟೆ ಅಂತ ಇಲ್ಲ." ಶನಿವಾರ ಹೋಗಿ ನೋಡಿದೆವು. ಅಂಕಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಮನೆ ಸ್ಮಶಾನದ ಎದುರಿಗಿತ್ತು.

ಈ ಸುದ್ದಿ ಮೈಸೂರಿಗೆ ಮುಟ್ಟಿತು. ಮಾವ ಫೋನು ಹಚ್ಚಿದರು. "ಅಲ್ಲಮ್ಮಾ, ಸ್ಮಶಾನದ ತನಕ ಹೋಗ್ತೀರಾ, ಮೈಸೂರಿನ ತನಕ ಬರೋಕೆ ಆಗಲ್ವಾ?" ಅವರದು ಗಟ್ಟಿ ವಾದ. ಸ್ವಚ್ಛತೆಯ ಸಮೀಕ್ಷೆಯಲ್ಲಿ 2015ರಲ್ಲೂ 2016ರಲ್ಲೂ ದೇಶಕ್ಕೇ ಮೊದಲು ಬಂದ ಊರು. ಕಾರಂಜಿ ಕೆರೆ ಇದೆ, ಕುಕ್ಕರಹಳ್ಳಿ ಕೆರೆ ಇದೆ, ಎರಡರಲ್ಲೂ ನೀರೇ ಇದೆ, ಬೆಂಕಿ ಇಲ್ಲ. ಮೃಗಾಲಯವಂತೂ 1892ರಿಂದ ನಡೆಯುತ್ತಿದೆ, "ಅಲ್ಲಿ ಮರಿ ಹಾಕಿದ ಯಾವ ಪ್ರಾಣಿನೂ ಬೆಂಗಳೂರಿಗೆ ಹೋಗ್ತೀನಿ ಅಂದಿಲ್ಲ." 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಬೇರೆ ಉದ್ಘಾಟನೆಯಾಗಿದೆ, 118 ಕಿಲೋಮೀಟರ್, "ಒಂದೂವರೆ ಗಂಟೆ, ಓಡಾಡ್ಕೊಂಡಿರಿ."

ಮಾವನ ಒಂದೂವರೆ ಗಂಟೆಯಲ್ಲಿ ಮೋಸವಿಲ್ಲ. ಕಾರು ಒಂದೂವರೆ ಗಂಟೆಗೆ ಕೆಂಗೇರಿ ಮುಟ್ಟುತ್ತದೆ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಇನ್ನೊಂದು ಒಂದೂವರೆ ಗಂಟೆ ಆಗುವುದನ್ನು ಮೈಸೂರಿನವರಿಗೆ ನಂಬಿಸುವುದು ಹೇಗೆ? ಒಂದೇ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಟಿಫಿನ್ ಕಟ್ಟಿಕೊಳ್ಳಬೇಕು ಎಂದರೆ ಅವರು ನಮ್ಮ ಆರೋಗ್ಯ ವಿಚಾರಿಸುತ್ತಾರೆ. ಕೊನೆಗೆ ಮಾವ ರಾಜಿಗೆ ಬಂದು ಒಂದು ಗಡುವು ಕೊಟ್ಟರು. ಏಳನೇ ತಿಂಗಳು ಹಿಡಿದ ಮೇಲೆ ಬಸುರಿ ಮನೆ ಬದಲಾಯಿಸಬಾರದು. ಅಷ್ಟರೊಳಗೆ ಎಲ್ಲಿಯಾದರೂ ಹಾಲುಕ್ಕಿಸಿಬಿಡಿ.

ಗಡುವು ಅದೊಂದೇ ಆಗಿರಲಿಲ್ಲ. ಡಾಕ್ಟರು ಹೆರಿಗೆಗೆ ಜೂನ್ ಮೊದಲ ವಾರ ಎಂದು ಬರೆದುಕೊಟ್ಟಿದ್ದರು. ಅದನ್ನು ಕೇಳಿದ ಸಹೋದ್ಯೋಗಿಯೊಬ್ಬರು ಮುಖ ಸಣ್ಣಗೆ ಮಾಡಿ, "ಅಯ್ಯೋ, ಜೂನಾ? ಮೇ ಅಲ್ವಾ?" ಎಂದರು. ಜೂನ್ 1ಕ್ಕೆ ಆರು ವರ್ಷ ತುಂಬಿದ್ದರೆ ಮಾತ್ರ ಒಂದನೇ ತರಗತಿ ಎಂಬ ಆದೇಶ 2022ರಿಂದ ಇದೆ. 2025-26ರಲ್ಲಿ ಅದು ಜಾರಿಗೆ ಬರುವಾಗ ಪೋಷಕರ ಗಲಾಟೆಗೆ ಮಣಿದು ಆ ಒಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದರು. ಗಂಡ ಕ್ಯಾಲ್ಕುಲೇಟರ್ ತೆಗೆದ. ಕೂಸು ಜೂನ್ ಒಂದರ ರಾತ್ರಿಯೊಳಗೆ ಹುಟ್ಟಿದರೆ 2032ಕ್ಕೆ ಒಂದನೇ ಕ್ಲಾಸು. ಎರಡರ ಬೆಳಗ್ಗೆ ಹುಟ್ಟಿದರೆ 2033ಕ್ಕೆ. ಮುಂದಿನ ಚೆಕಪ್ಪಿನಲ್ಲಿ ಇದನ್ನು ಡಾಕ್ಟರ ಮುಂದಿಟ್ಟು ಏನಾದರೂ ಅನುಕೂಲವಾದೀತೇ ಎಂದು ಕೇಳಿಯೂ ಬಿಟ್ಟ. ಆಕೆ ಪೆನ್ನು ಕೆಳಗಿಟ್ಟು, "ಅದನ್ನ ಮಗುನೇ ಕೇಳಬೇಕು" ಎಂದರು.

ನನ್ನ ಅವ್ವನಿಗೆ ಇದಾವುದೂ ತಲೆಗೆ ಹೋಗಲಿಲ್ಲ. "ಕೂಸಿಗೆ ಕ್ಯಾಲೆಂಡರ್ ಓದಾಕ ಬರೂದಿಲ್ಲಂತ ಅಳಿಯಾರಿಗೆ ಹೇಳ" ಅಂದಳು. ಅವಳಿರುವುದು ಧಾರವಾಡದಲ್ಲಿ. ಚೊಚ್ಚಿಲ ಹೆರಿಗೆ ತವರಿನಲ್ಲೇ ಆಗಬೇಕು, ಅಲ್ಲೇ ಕುಬಸ, ಅಲ್ಲೇ ಬಾಣಂತನ, ಬೆಂಗಳೂರಿನ ಮನೆಯ ಉಸಾಬರಿಯೇ ಈಗ ಬೇಡ ಎಂಬುದು ಅವಳ ಮೊದಲ ಮಾತು.

"ಅಲ್ಲಿ ನೀರಿಲ್ಲಂತ, ಟ್ಯಾಂಕರ್ ಹಾಕಸ್ತಾರಂತ. ಕೂಸಿಗೆ ಟ್ಯಾಂಕರ್ ನೀರಾಗ ಎರೀತಿಯೇನ?"

"ಅವ್ವಾ, ನಮ್ಮ ಓಣಿಗೆ ನೀರ ಬಿಡೂದು ಎಷ್ಟ ದಿನಕ್ಕೊಮ್ಮೆ?"

"ಯಾವಾಗರ ಬಿಡವಲ್ರ್ಯಾಕ, ಮಲಪ್ರಭಾ ನೀರ ಬರ್ತಾವ. ಬಂದದ್ದು ಊರಿಗೆಲ್ಲಾ ಗೊತ್ತಾಕ್ಕೈತಿ."

ಅದು ಖರೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಿಂದಲೇ ದಿನದ 24 ತಾಸೂ ನೀರು ಬರುತ್ತದೆ. ನಮ್ಮ ಓಣಿ ಉಳಿದ ವಾರ್ಡುಗಳಲ್ಲಿದೆ. ನಳ ಬರುವ ದಿನ ನಮ್ಮಲ್ಲಿ ಯಾರೂ ಊರಿಗೆ ಹೋಗುವುದಿಲ್ಲ, ಮದುವೆಗೆ ಹೋದವರೂ ಅಕ್ಕಿಕಾಳು ಒಗೆದು ಊಟ ಬಿಟ್ಟು ಓಡಿ ಬರುತ್ತಾರೆ.

ನನ್ನ ಡಾಕ್ಟರು, ಇನ್ಶೂರೆನ್ಸು ಎಲ್ಲ ಬೆಂಗಳೂರಿನಲ್ಲಿದ್ದದ್ದರಿಂದ ಕೊನೆಗೆ ಅವ್ವನೇ ಇಲ್ಲಿಗೆ ಬಂದು ಬಾಣಂತನ ಮಾಡುವುದೆಂದಾಯಿತು. ಆದರೆ ಅವಳು ಶರತ್ತು ಹಾಕಿದಳು. ಮನೆ ಯಾವುದೇ ಇರಲಿ, ಬಚ್ಚಲ ತಾನು ನೋಡಿ ಹೂಂ ಅಂದ ಮೇಲೆಯೇ ಅಡ್ವಾನ್ಸು.

ಹೀಗಾಗಿ ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಅವ್ವ ವಿಡಿಯೊ ಕಾಲಿನಲ್ಲಿ ಪ್ರತ್ಯಕ್ಷಳಾದಳು. ಬ್ರೋಕರ್ ಹುಡುಗ ಕ್ಲಬ್‌ಹೌಸು, ಈಜುಕೊಳ, ಮಕ್ಕಳ ಆಟದ ಜಾಗ ಎಲ್ಲ ತೋರಿಸಿ ಗೆದ್ದೆನೆಂಬ ಉತ್ಸಾಹದಲ್ಲಿದ್ದ. ಅವ್ವ "ಬಚ್ಚಲ ತೋರ್ಸ" ಅಂದಳು. ಬಾಗಿಲು ತೆಗೆದೆ. ಗಾಜಿನ ಪಾರ್ಟಿಷನ್, ಮಳೆ ಸುರಿಸುವ ಶವರ್, ಬಿಳಿ ಕಮೋಡು.

"ಎರಿಯಾಕಿ ಎಲ್ಲಿ ಕುಂಡ್ರಬೇಕ?"

ಈ ಪ್ರಶ್ನೆ ಕೇಳುವ ತನಕ ನಮಗೆ ಹೊಳೆದೇ ಇರಲಿಲ್ಲ. ಕೂಸಿಗೆ ಎರೆಯುವವಳು ಮಣೆಯ ಮೇಲೆ ಕೂತು, ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ನೀಳ ಚಾಚಿ, ಅವುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳಬೇಕು. ಬಿಸಿನೀರಿನ ಹಂಡೆ ಬಲಕ್ಕೆ ಕೈಗೆಟುಕುವಷ್ಟು ದೂರದಲ್ಲಿರಬೇಕು. ಕಡಲೆಹಿಟ್ಟು, ಎಣ್ಣೆಬಟ್ಟಲು ಎಡಕ್ಕೆ. ಮಿಂದು ಕೆಂಪಗಾಗಿ ಕಿರುಚುವ ಕೂಸನ್ನು ಮೆತ್ತನೆ ಸೀರೆಯ ತುಂಡಿನಲ್ಲಿ ಹಿಡಿದುಕೊಳ್ಳಲು ಬಾಗಿಲಲ್ಲಿ ಇನ್ನೊಬ್ಬರು ಸಿದ್ಧವಾಗಿ ನಿಂತಿರಬೇಕು. ಬಿಲ್ಡರ್ ಈಜುಕೊಳಕ್ಕೆ ಜಾಗ ಬಿಟ್ಟಿದ್ದ, ಇದಕ್ಕೆ ಬಿಟ್ಟಿರಲಿಲ್ಲ.

"ಅಳಿಯಾರ, ನೀವs ಒಂದೀಟು ಕುಂತ ತೋರಸ್ರಿ" ಎಂದಳು ಅವ್ವ. ಅತ್ತೆಯ ಮಾತು ಮೀರದ ಅಳಿಯ ಬೂಟು ಕಳಚಿಟ್ಟು, ಪ್ಯಾಂಟು ಮಡಚಿ, ಟೈಲ್ಸಿನ ಮೇಲೆ ಗೋಡೆಗೊರಗಿ ಕೂತು ಕಾಲು ಚಾಚಿದ. ಹಿಮ್ಮಡಿ ಹೋಗಿ ಕಮೋಡಿಗೆ ಬಡಿಯಿತು. ಹಾಲಿನಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ ಬ್ರೋಕರ್ ಹುಡುಗ ಅದೇ ಹೊತ್ತಿಗೆ ಒಳಗೆ ಇಣುಕಿದ. "ಸರ್, ಜಾರಿದ್ರಾ?"

"ಒಲ್ಲೆ" ಎಂದಿತು ಫೋನು.

ಅಲ್ಲಿಗೆ ಬಿಡದೆ ಅವ್ವ ಅಸೋಸಿಯೇಷನ್ನಿನ ನಿಯಮಾವಳಿಯನ್ನೂ ಓದಿಸಿದಳು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲ. "ಹಂಗಾರ ಕೂಸಿನ ಅರಿವಿ ಎಲ್ಲಿ ಹಾಕೂದು?" ಚಾವಣಿಯಲ್ಲಿ ಮಿಣುಕುತ್ತಿದ್ದ ಕೆಂಪು ದೀಪ ಏನೆಂದು ಕೇಳಿದಳು. ಹೊಗೆ ಕಂಡರೆ ಕೂಗುವ ಯಂತ್ರ ಎಂದೆ. ದಿನಕ್ಕೆರಡು ಸಲ ಲೋಬಾನ, ಹೊರಸಿನ ಕೆಳಗೆ ಅಗ್ಗಿಷ್ಟಿಕೆಯ ಕೆಂಡ, ಇವಿಲ್ಲದೆ ಬಾಣಂತನವೇ ಇಲ್ಲ ಎಂದು ತಿಳಿದವಳು ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಅಂದಳು, "ಅದು ಒದರಿದಾಗೊಮ್ಮೆ ಬೆಂಕಿ ಗಾಡಿ ಬರ್ತೈತೇನ? ಬಂದ್ರ ಅವರಿಗೂ ಅಂಟಿನುಂಡಿ ಕೊಡೂಣಂತ." ಅಂದಿನಿಂದ ಗಂಡನ ಎಕ್ಸೆಲ್ಲಿನಲ್ಲಿ ಹನ್ನೊಂದನೇ ಕಾಲಮ್ಮು ಸೇರಿತು: ಕಾಲು ಚಾಚುವ ಉದ್ದ, ಅಡಿಗಳಲ್ಲಿ.

ನಕ್ಕದ್ದೇನೋ ನಕ್ಕೆವು. ಆದರೆ ಆ ಬಚ್ಚಲ ನನ್ನ ತಲೆಯಿಂದ ಹೋಗಲಿಲ್ಲ. ಅವ್ವ ಅಳೆಯುತ್ತಿದ್ದದ್ದು ಉದ್ದವನ್ನಲ್ಲ, ಆ ಉದ್ದದಲ್ಲಿ ಕೂರುವವರನ್ನು. 2017ರ ತಿದ್ದುಪಡಿಯಾದಾಗಿನಿಂದ ಹೆರಿಗೆ ರಜೆ 26 ವಾರ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕೂಸಿನ ಮನೆ ಇರಬೇಕೆಂದೂ ಕಾನೂನು ಹೇಳುತ್ತದೆ. ಅಪ್ಪಂದಿರ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ರಜೆ. ಖಾಸಗಿ ಕಂಪನಿಯವನು ಮ್ಯಾನೇಜರನ ಕರುಣೆಯ ಕೂಸು. ಆಯಿತು, 26 ವಾರ ಹೇಗೋ ಕಳೆಯಿತು ಅನ್ನೋಣ. ಅವ್ವ ಧಾರವಾಡದ ರೈಲು ಹತ್ತಿದಳು ಅನ್ನೋಣ. 27ನೇ ವಾರದ ಒಂದು ಬೆಳಗ್ಗೆ ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಬಾಗಿಲಲ್ಲಿ ಸಿಲಿಂಡರಿನವನು ಓಟಿಪಿ ಕೇಳುತ್ತಿದ್ದಾನೆ, ನನ್ನ ಸೊಂಟದ ಮೇಲೆ ಕೂಸಿದೆ. ಹತ್ತು ನಿಮಿಷ ಅದನ್ನು ಯಾರ ಕೈಗೆ ಕೊಡುವುದು? ಪಾರ್ಕು ಎಷ್ಟು ಮೀಟರ್ ದೂರ ಎಂದು ಬರೆದುಕೊಂಡಿದ್ದ ನಮ್ಮ ಶೀಟಿನಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ. ನೆರೆಹೊರೆ ಎಂಬ ಕಾಲಮ್ಮಿನಲ್ಲಿ ಸ್ಮಶಾನಕ್ಕೆ ಹತ್ತಕ್ಕೆ ಹತ್ತು ಬಂದಿತ್ತು.

ಆಮೇಲೆ ಹಳೆಯ ಬಡಾವಣೆಗಳ ಕಡೆ ತಿರುಗಿದೆವು. ಮಕ್ಕಳುಮರಿ ಕಟ್ಟಿಕೊಂಡು ಒಳ್ಳೆಯ ಗಾಳಿ ಹುಡುಕಿ ಹೊರಟವರು ನಾವೇ ಮೊದಲಿಗರಲ್ಲ ಎಂಬುದೊಂದು ಸಮಾಧಾನ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದಾಗ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದೇ ಹಾಗೆ: ಅಗಲ ರಸ್ತೆ, ಬಿಡಿ ಮನೆ, ಹಿಂದೊಂದು ಸಂದಿ. ಇಂದು ಆ ಬಿಡಿ ಮನೆಗಳ ಜಾಗದಲ್ಲಿ ನಾಲ್ಕು ಮಹಡಿ ಎದ್ದಿವೆ, ಬಾಡಿಗೆ ಕೇಳಿದರೆ ಪ್ಲೇಗೇ ವಾಸಿ ಅನ್ನಿಸುತ್ತದೆ. ಬಸವನಗುಡಿಯಿಂದ ಸ್ವಲ್ಪ ಕೆಳಗಿಳಿದು ತ್ಯಾಗರಾಜನಗರದ ಒಂದು ಅಡ್ಡರಸ್ತೆಯಲ್ಲಿ, ಗೇಟಿಗೆ ಕಟ್ಟಿದ್ದ ರಟ್ಟಿನ ಮೇಲೆ 'ಮನೆ ಬಾಡಿಗೆಗೆ ಇದೆ' ಎಂಬ ಕೈಬರಹ ಕಂಡಿತು. ಬ್ರೋಕರಿಲ್ಲ.

ಕೆಳಗಿನ ಮನೆಯಲ್ಲಿ ಓನರ್ ಅಜ್ಜಿ, ಬಾಡಿಗೆಗಿದ್ದದ್ದು ಮೇಲಂತಸ್ತು. ಅಜ್ಜಿ ಅವರೆಕಾಳು ಸುಲಿಯುತ್ತ ಕೂತಿದ್ದರು. ಎಷ್ಟು ಜನ ಎಂದು ಕೇಳಲಿಲ್ಲ. ನನ್ನನ್ನು ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿ, "ಎಷ್ಟರಲ್ಲಿದೆ?" ಎಂದರು.

"ಆರರಲ್ಲಿ, ಅಜ್ಜಿ."

"ನೀರು ಹಾಕೋಕೆ ಯಾರು ಬರ್ತಾರೆ?"

"ನಮ್ಮಮ್ಮ ಧಾರವಾಡದಿಂದ ಬರ್ತಾರೆ."

"ಹಾಗಾದ್ರೆ ಮೊದಲು ಬಚ್ಚಲುಮನೆ ನೋಡ್ಕೊಂಡು ಬನ್ನಿ. ಹಾಲು, ರೂಮು ಎಲ್ಲಿಗೂ ಓಡಿಹೋಗಲ್ಲ."

ಕೆಂಪು ಗಾರೆಯ ನೆಲ, ಮೂಲೆಯಲ್ಲಿ ಒಗೆಯುವ ಕಲ್ಲು, ಹಂಡೆ ಕೂರಿಸುವ ಕಟ್ಟೆ. ಗಂಡ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು ಗೋಡೆಗೊರಗಿ ಕೂತ. ಈ ಕೆಲಸದಲ್ಲಿ ಅವನಿಗೀಗ ಕೈ ಪಳಗಿತ್ತು, ಅಥವಾ ಕಾಲು. ಕಾಲು ಪೂರ್ತಿ ಚಾಚಿದ ಮೇಲೂ ಮುಂದೆ ಎರಡಡಿ ಜಾಗ ಉಳಿಯಿತು. ಫೋನಿನಲ್ಲಿ ಅವ್ವ ಉಸಿರು ಬಿಟ್ಟದ್ದು ಕೇಳಿಸಿತು. ಫೋನು ಅಜ್ಜಿಯ ಕೈಗೆ ಹೋಯಿತು. ಪರಿಚಯ, ಕ್ಷೇಮಸಮಾಚಾರ ಏನೂ ಇಲ್ಲ, ನೇರ ಎಣ್ಣೆಗೆ ಬಂದರು. ನೆತ್ತಿಗೆ ಹರಳೆಣ್ಣೆಯೇ ಆಗಬೇಕು ಎಂದರು ಅಜ್ಜಿ. ಕೊಬ್ಬರಿ ಎಣ್ಣಿ ಬಿಟ್ಟರ ಇಲ್ಲ ಎಂದಳು ಅವ್ವ. ಬಜೆ ಎಷ್ಟು ಸುತ್ತು ತೇಯಬೇಕು ಎಂಬಲ್ಲಿ ದನಿ ಏರಿತು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು, ಇನ್ನೂ ಹುಟ್ಟದ ಕೂಸಿನ ನೆತ್ತಿ ಯಾರ ಪಾಲಾಗುತ್ತದೋ ಎಂದು ಕಾಯುತ್ತಿದ್ದೆವು. ಒಂದು ನಯಾಪೈಸೆ ಅಡ್ವಾನ್ಸ್ ಕೊಡದೆ ನಾವು ಆ ಮನೆಗೆ ಆಗಲೇ ಬಂದಾಗಿತ್ತು.

ಅಜ್ಜಿ ಸಾಧುಪ್ರಾಣಿ ಎಂದು ಯಾರೂ ಭಾವಿಸಬೇಡಿ. ಅಡ್ವಾನ್ಸು ಹತ್ತು ತಿಂಗಳು, ಒಂದು ರೂಪಾಯಿ ಕಮ್ಮಿಯಿಲ್ಲ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅದರ ಅಗತ್ಯವೂ ಇರಲಿಲ್ಲ, ರೂಮಿನ ಗೋಡೆಯಲ್ಲಿ ಹಳೇ ಕಾಲದ ಮರದ ಗೂಟಗಳ ಸಾಲೇ ಇತ್ತು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಒಳಗೆಳೆದುಕೊಳ್ಳಬೇಕು. ಬೆಳಗ್ಗೆ ಐದಕ್ಕೆ ದೇವಸ್ಥಾನದ ಮೈಕು. ಕಾರಿಗೆ ಜಾಗವಿಲ್ಲ. ಆರ್.ವಿ. ರೋಡ್ ನಿಲ್ದಾಣ ನನಗೆ ಆಟೊದಲ್ಲಿ ಹತ್ತಿರ. ಗಂಡ ಮಾತ್ರ ಮೆಜೆಸ್ಟಿಕ್ಕಿಗೆ ಹೋಗಿ ರೈಲು ಬದಲಿಸಿ ವೈಟ್‌ಫೀಲ್ಡಿನ ತನಕ ಊರು ಸುತ್ತಬೇಕು. ಎಕ್ಸೆಲ್ಲಿನಲ್ಲಿ ಈ ಮನೆಗೆ ಸಿಕ್ಕ ಅಂಕ ನಲವತ್ತೊಂದು. ಅವನು ಫೈಲನ್ನು ಸೇವ್ ಮಾಡದೆ ಮುಚ್ಚಿದ.

ಅಗ್ರಿಮೆಂಟು ಎಂದಿನಂತೆ ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದ ಗುತ್ತಿಗೆಯಾದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ಯಾರಿಗೆ ಬೇಕೆಂದು ಇಡೀ ಊರು ಹನ್ನೊಂದು ಹನ್ನೊಂದು ತಿಂಗಳಾಗಿ ಬದುಕುತ್ತದೆ. ಇದು ಮುಗಿಯುವ ಹೊತ್ತಿಗೆ ಕೂಸು ಅಂಬೆಗಾಲಿಡುತ್ತಿರುತ್ತದೆ, ಗೋಡೆ ಹಿಡಿದು ನಿಲ್ಲಲು ನೋಡುತ್ತಿರುತ್ತದೆ. ಎಷ್ಟೋ ಓನರುಗಳ ಬಾಯಲ್ಲಿ ಗೋಡೆಯ ಮಾತು ಕೇಳಿ ಬೆದರಿದ್ದ ಗಂಡ ಸಹಿ ಹಾಕುವ ಮುಂಚೆ ಕೇಳಿಯೇಬಿಟ್ಟ: "ಅಜ್ಜಿ, ಮಗು ಗೋಡೆಗೆ ಗೀಚಿದ್ರೆ ಅಡ್ವಾನ್ಸಲ್ಲಿ ಹಿಡ್ಕೋತೀರಾ?"

ಅಜ್ಜಿ ಸ್ಟಾಂಪ್ ಪೇಪರಿನಿಂದ ತಲೆ ಎತ್ತಲಿಲ್ಲ. "ಖಾಲಿ ಮಾಡೋವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹೇಗೂ ಹಿಡ್ಕೋತೀನಪ್ಪಾ. ಗೀಚಿಸದೇ ಇದ್ರೆ ನಷ್ಟ ನಿಮಗೇ."